ಗುಂಡಿ, ರಿಬ್ಬನ್ ಮತ್ತು ಲಿಲಿಯನ್ ಬಾಸ್‌ಮನ್

ಪತ್ರ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ಫ್ಯಾಷನ್ ಫೋಟೋಗ್ರಾಫರ್ ಲಿಲಿಯನ್ ಬಾಸ್‌ಮನ್ ಬಗ್ಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಒಳಉಡುಪಿನ ಜಾಹೀರಾತು ತೆಗೆದವರಿಗೆ ಇಷ್ಟು ಜಾಗ ಬೇಕಿತ್ತೇ? ಡಾರ್ಕ್‌ರೂಮಿನಲ್ಲಿ ಚಿತ್ರ ತಿದ್ದುವುದು ಮೋಸ ಅಲ್ವಾ? ಕಂಪ್ಯೂಟರ್ ಬಂದ ಮೇಲಂತೂ ಫೋಟೋ ಪೂರ್ತಿ ಕೆಟ್ಟಿತು. ಅಷ್ಟು ದೊಡ್ಡ ಕಲಾವಿದೆಯಾಗಿದ್ದರೆ ತಮ್ಮ ನೆಗೆಟಿವ್‌ಗಳನ್ನು ತಾವೇ ಯಾಕೆ ಎಸೆದರು?" (ಧಾರವಾಡದ ಓದುಗರು)

ಉತ್ತರ: ಪತ್ರ ಖಾರವಾಗಿದೆ ಸರ್, ಇರಲಿ. ಕೇಳಿದ್ದೆಲ್ಲ ಕೇಳಬೇಕಾದದ್ದೇ.

ಮೊದಲು ಒಳಉಡುಪಿನ ಮಾತು. 1950ರ ಸುಮಾರಿಗೆ ಕಾರ್ಸೆಟ್ (ಸೊಂಟ ಬಿಗಿಯುವ ಒಳಉಡುಪು) ಜಾಹೀರಾತು ಅಂದರೆ ಬಿಗಿದು ನಿಲ್ಲಿಸಿದ ಒಂದು ಹೆಂಗಸಿನ ಮೈ, ಅಷ್ಟೇ. ಬಾಸ್‌ಮನ್ ಅದೇ ಕೆಲಸ ಹಿಡಿದು ಬೇರೆ ಏನೋ ಮಾಡಿದರು. ವಾರ್ನರ್ಸ್ ಕಂಪನಿಗಾಗಿ 1951ರಲ್ಲಿ ಮಾಡೆಲ್ ಕಾರ್ಮೆನ್ ಡೆಲೊರೆಫಿಚೆಯನ್ನು ಇಟ್ಟುಕೊಂಡು ತೆಗೆದ ಚಿತ್ರ ಇವತ್ತಿಗೂ ಪ್ರದರ್ಶನಗಳಲ್ಲಿ ಸಿಗುತ್ತದೆ. ಇಂಥ ಚಿತ್ರಗಳಲ್ಲಿ ಮಾಡೆಲ್ ನಿಮ್ಮನ್ನು ನೋಡುವುದೇ ಇಲ್ಲ. ಮುಖ ಪಕ್ಕಕ್ಕೆ ತಿರುಗಿರುತ್ತದೆ, ಇಲ್ಲವೇ ತೋಳಿನ ಮರೆಯಲ್ಲಿರುತ್ತದೆ. ಉದ್ದ ಕುತ್ತಿಗೆ ಅಂದರೆ ಬಾಸ್‌ಮನ್‌ಗೆ ಪ್ರಾಣ. ಕ್ಯಾಮೆರಾ ಹಿಂದೆ ಹೆಂಗಸೇ ಇದ್ದದ್ದರಿಂದ ಮಾಡೆಲ್‌ಗಳು ಯಾರನ್ನೋ ಮರುಳು ಮಾಡುವ ಭಂಗಿ ಹಿಡಿಯಬೇಕಿರಲಿಲ್ಲ. ಕೊಳ್ಳುವವರೂ ಹೆಂಗಸರೇ ತಾನೇ? ಆದ್ದರಿಂದ ಜಾಹೀರಾತು ಅನ್ನುವ ಕಾರಣಕ್ಕೆ ಇದನ್ನು ಕೀಳಾಗಿ ನೋಡಲು ನನಗೆ ಮನಸ್ಸಿಲ್ಲ. ಅವರ ಅತ್ಯುತ್ತಮ ಕೆಲಸ ಇದೇ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮೋಸದ ಮಾತು. ಬಾಸ್‌ಮನ್ ಹುಟ್ಟಿದ್ದು 1917ರಲ್ಲಿ, ಬ್ರೂಕ್ಲಿನ್‌ನಲ್ಲಿ. ಅವರು ಮೊದಲು ಫೋಟೋಗ್ರಾಫರ್ ಅಲ್ಲವೇ ಅಲ್ಲ. 'ಹಾರ್ಪರ್ಸ್ ಬಜಾರ್' ಎಂಬ ಫ್ಯಾಷನ್ ಪತ್ರಿಕೆಯ ಕಲಾ ನಿರ್ದೇಶಕ ಅಲೆಕ್ಸಿ ಬ್ರೊಡೊವಿಚ್ ಹತ್ತಿರ ಪುಟ ವಿನ್ಯಾಸ ಕಲಿತು, 1945ರಿಂದ ಮೂರು ವರ್ಷ ಅದರದೇ ಕಿರಿಯರ ಪತ್ರಿಕೆ 'ಜೂನಿಯರ್ ಬಜಾರ್' ಪುಟ ಕಟ್ಟಿದವರು. ಆಗಿನ್ನೂ ಹುಡುಗರಾಗಿದ್ದು ಮುಂದೆ ದೊಡ್ಡ ಫೋಟೋಗ್ರಾಫರ್‌ಗಳಾದ ರಿಚರ್ಡ್ ಅವೆಡಾನ್, ರಾಬರ್ಟ್ ಫ್ರಾಂಕ್ ಅಂಥವರಿಗೆ ಅಲ್ಲಿ ಕೆಲಸ ಕೊಟ್ಟರು. 1947ರಲ್ಲಿ ಅವೆಡಾನ್ ಪ್ಯಾರಿಸ್‌ಗೆ ಹೋದಾಗ ತಮ್ಮ ಸ್ಟುಡಿಯೋವನ್ನು ಬಾಸ್‌ಮನ್‌ಗೆ ಬಿಟ್ಟುಕೊಟ್ಟರು. ಕ್ಯಾಮೆರಾ ಕೈಗೆ ಕೂತದ್ದು ಹಾಗೆ.

ಆದರೆ ಡಾರ್ಕ್‌ರೂಮಿನ ರುಚಿ ಅದಕ್ಕೂ ಮೊದಲೇ ಹತ್ತಿತ್ತು. ನೆಗೆಟಿವ್‌ನ ಚಿತ್ರವನ್ನು ದೊಡ್ಡದು ಮಾಡುವ ಎನ್‌ಲಾರ್ಜರ್‌ನಿಂದ ಬೆಳಕು ಕಾಗದದ ಮೇಲೆ ಬೀಳುವಾಗ ನಡುವೆ ತೆಳು ಬಟ್ಟೆಯನ್ನೋ ಟಿಶ್ಯೂವನ್ನೋ ಹಿಡಿಯುತ್ತಿದ್ದರು. ಅದರಿಂದ ಚಿತ್ರದ ಒಂದು ಭಾಗ ಮಸುಕಾಗುತ್ತಿತ್ತು, ಇನ್ನೊಂದು ಚೂಪಾಗಿಯೇ ಉಳಿಯುತ್ತಿತ್ತು. ಪ್ರಿಂಟ್ ಆದ ಮೇಲೆ ಬ್ಲೀಚ್ ಸವರಿ ಬೇಡವಾದದ್ದನ್ನು ಬೆಳ್ಳಗೆ ಕರಗಿಸುತ್ತಿದ್ದರು. ಕೊನೆಗೆ ಉಳಿಯುವುದು ಒಂದು ಟೋಪಿಯ ಅಂಚು, ಬೆನ್ನಿನ ಗೆರೆ, ಕೈಗವಸು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮದುಮಗಳ ಮುಖದ ಕಲೆ ತೆಗೆಯುತ್ತಿದ್ದ ನಮ್ಮ ಹಳೆಯ ಸ್ಟುಡಿಯೋದವರನ್ನು ನಾವು ಮೋಸಗಾರರು ಅಂದೆವೇ? ಅವರು ಮಾಡಿದ್ದಾದರೂ ಯಾರಿಗೂ ಗೊತ್ತಾಗದ ಹಾಗೆ. ಬಾಸ್‌ಮನ್ ತಿದ್ದಿದ್ದು ನೋಡಿದ ತಕ್ಷಣ ಗೊತ್ತಾಗುತ್ತದೆ. ಬಚ್ಚಿಟ್ಟದ್ದು ಏನೂ ಇಲ್ಲ.

ಅಂದಹಾಗೆ, ನಿಮ್ಮ ತಕರಾರನ್ನು ಆಗಲೇ ಒಬ್ಬರು ಎತ್ತಿದ್ದರು. ಬಾಸ್‌ಮನ್ ಚಿತ್ರ ತೆಗೆಯುತ್ತಿದ್ದ 'ಹಾರ್ಪರ್ಸ್ ಬಜಾರ್' ಸಂಪಾದಕಿ ಕಾರ್ಮೆಲ್ ಸ್ನೋ. ನೀವಿಲ್ಲಿರುವುದು ಗುಂಡಿ, ರಿಬ್ಬನ್ ತೋರಿಸಲಿಕ್ಕೆ, ಕಲೆ ಮಾಡಲಿಕ್ಕಲ್ಲ ಎಂದು ಬಾಸ್‌ಮನ್‌ರನ್ನು ಗದರಿಸಿದರಂತೆ. ಸಂಪಾದಕನ ಕುರ್ಚಿಯಲ್ಲಿ ಕೂತವನಾಗಿ ಸ್ನೋ ಅವರ ಕಷ್ಟ ನನಗೂ ಅರ್ಥವಾಗುತ್ತದೆ. ಪುಟಕ್ಕೆ ದುಡ್ಡು ಬರುವುದು ಬಟ್ಟೆ ಮಾರುವವರಿಂದ. ಬಟ್ಟೆಯೇ ಕಾಣದಿದ್ದರೆ ಅವರು ಸುಮ್ನೆ ಇರುತ್ತಾರೆಯೇ?

ನೆಗೆಟಿವ್ ಎಸೆದದ್ದು 1970ರ ದಶಕದ ಶುರುವಿನಲ್ಲಿ. ಫ್ಯಾಷನ್ನಿನ ರೀತಿ ಬದಲಾಗಿತ್ತು. ತಾವೇ ತಾರೆಗಳಾದ ಹೊಸ ಮಾಡೆಲ್‌ಗಳ ಜತೆ ಬಾಸ್‌ಮನ್‌ಗೆ ಸರಿಹೋಗಲಿಲ್ಲ. ಬೇಸರ ಬಂದು ಎಷ್ಟೋ ನೆಗೆಟಿವ್ ನಾಶ ಮಾಡಿದರು, ಉಳಿದದ್ದನ್ನು ಕಸದ ಚೀಲಗಳಲ್ಲಿ ತುಂಬಿ ಮನೆಯಲ್ಲೇ ಒಂದು ಮೂಲೆಗೆ ಹಾಕಿ ಮರೆತರು. 1990ರ ದಶಕದಲ್ಲಿ ಆ ಚೀಲಗಳನ್ನು ಕಂಡ ಮಾರ್ಟಿನ್ ಹ್ಯಾರಿಸನ್ ಎಂಬ ಫ್ಯಾಷನ್ ಇತಿಹಾಸಕಾರರು ಮತ್ತೆ ನೋಡಿ ಎಂದು ಒತ್ತಾಯಿಸಿದರು. ಬಾಸ್‌ಮನ್ ಮತ್ತೆ ಡಾರ್ಕ್‌ರೂಮಿಗೆ ಇಳಿದರು. ಸ್ನೋ ಇಲ್ಲ, ಗುಂಡಿಯ ಕಾಟವೂ ಇಲ್ಲ. ಕೆಲವು ಹೊಸ ಪ್ರಿಂಟ್‌ಗಳಲ್ಲಿ ಬ್ಲೀಚ್ ಸ್ವಲ್ಪ ಜಾಸ್ತಿಯೇ ಆಯಿತು ಅಂತ ನನಗೆ ಅನಿಸುತ್ತದೆ. ಗ್ರಾಹಕರ ಕಾಟವೂ ಒಮ್ಮೊಮ್ಮೆ ಒಳ್ಳೆಯದು!

ಕಂಪ್ಯೂಟರ್ ಬಗ್ಗೆ ಕೇಳಿದರೆ ನಿಮಗೆ ಇನ್ನಷ್ಟು ಸಿಟ್ಟು ಬರಬಹುದು. ಎಂಬತ್ತು ದಾಟಿದ ಮೇಲೆ ಬಾಸ್‌ಮನ್ ಫೋಟೋಶಾಪ್ ಕಲಿತರು. 2012ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ತಿದ್ದುವ ಕೆಲಸವೆಲ್ಲ ಅದರಲ್ಲೇ.