ಕೋಲವೂ ಉಂಟು, ಕೋವಿಯೂ ಉಂಟು

ಮಾರಾಯಾ, ನೀನು ಬೆಂಗಳೂರಿನಲ್ಲಿ ಕೂತು ಕೇಳಿದೆ: "ಪಂಜುರ್ಲಿ ದೈವ ಅಂತ ಹಂದಿಗೆ ಕೈ ಮುಗಿಯುತ್ತೀರಿ. ಅದೇ ಹಂದಿಗೆ ಅಂತ ಮನೆಯಲ್ಲಿ ಕೋವಿಯನ್ನೂ ಇಟ್ಟುಕೊಂಡಿದ್ದೀರಿ. ಏನು ಗುರು ನಿಮ್ಮ ಮಂಗಳೂರಿನವರ ಕಥೆ?" ಜೊತೆಗೆ ನಗುವ ಮುಖದ ಚಿತ್ರ ಬೇರೆ. ಆ ನಗುವಿನಿಂದಾಗಿಯೇ ಉತ್ತರ ಇಷ್ಟು ಉದ್ದ ಆಯಿತು.

ನಮಗೆ ಇದರಲ್ಲಿ ಗೊಂದಲವೇ ಇಲ್ಲ. ಪಾಡ್ದನ, ಅಂದರೆ ದೈವದ ಕಥೆ ಹೇಳುವ ತುಳು ಹಾಡು, ಕೇಳು. ಈಶ್ವರ ದೇವರ ತೋಟ ಹಾಳು ಮಾಡಿ, ಶಾಪ ಪಡೆದು ಭೂಮಿಗೆ ಬಂದ ಹಂದಿಮರಿಯೇ ಪಂಜುರ್ಲಿ. ಹಂದಿ ತೋಟ ಅಗೆಯುತ್ತದೆ ಅಂತ ಹಿರಿಯರಿಗೆ ನಿನಗಿಂತ ಚೆನ್ನಾಗಿ ಗೊತ್ತಿತ್ತು, ಅಲ್ವಾ? ಬೆಳೆ ಕಾದುಕೊಡು ಅಂತ ಅದಕ್ಕೇ ಕೋಲ, ಅಂದರೆ ದೈವದ ವೇಷ ಕಟ್ಟಿ ಕುಣಿಯುವ ಸೇವೆ, ಕೊಟ್ಟರು. ಕೋಲ ಮುಗಿಸಿ ಬಂದವನು ಟಾರ್ಚ್ ಹಿಡಿದು ತೋಟಕ್ಕೂ ಹೋಗುತ್ತಾನೆ. ದೈವ ಕಾಯುತ್ತದೆ ಅಂತ ನಾವು ಸುಮ್ನೆ ಮಲಗುವವರಲ್ಲ.

ಪ್ರಾಣಿ ನೋಡಲು ನಮಗೆ ಸಫಾರಿ ಬೇಡ. ನಮ್ಮ ಮನೆ ಮುಡಿಪು ಕಡೆ, ಮಂಗಳೂರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಹಂಚಿನ ಮೇಲೆ ರಾತ್ರಿ ಓಡಾಡುವುದು ಪುನುಗು ಬೆಕ್ಕು. ಕೋಳಿಗೂಡಿಗೆ ಬರುವುದು ಹೆಬ್ಬಾವು. ಗುಡ್ಡೆಯಲ್ಲಿ ನವಿಲು ಈಗ ಎಷ್ಟು ಜಾಸ್ತಿ ಅಂದರೆ ಬಿತ್ತಿದ ಭತ್ತವನ್ನು ಹೆಕ್ಕಿ ತಿಂದು ಹೋಗುತ್ತವೆ. ಚಿರತೆ ನಾಯಿಯ ಹಿಂದೆ ಓಡಿ ಬಂದು ಕಟ್ಟೆ ಇಲ್ಲದ ಬಾವಿಗೆ ಬೀಳುವುದು ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಪೇಪರಿಗೆ ಹೊಸ ಸುದ್ದಿಯೇ ಅಲ್ಲ. ಅರಣ್ಯ ಇಲಾಖೆಯವರು ಬೋನು ಇಳಿಸಿ ಎತ್ತುತ್ತಾರೆ, ಊರಿಡೀ ನೋಡಲು ಸೇರುತ್ತದೆ. ಇದೆಲ್ಲ ನಡೆಯುತ್ತದೆ, ಅದರ ಬಗ್ಗೆ ನನ್ನದು ತಕರಾರಿಲ್ಲ.

ತಕರಾರು ಇರುವುದು ಮಂಗ, ಹಂದಿ ಮತ್ತು ನಮ್ಮ ಆ ಕೋವಿಯ ಬಗ್ಗೆ.

ಮಂಗ ಎಳೆ ಅಡಿಕೆಯ ರಸ ಹೀರಿ ಸಿಪ್ಪೆ ಬಿಸಾಡುತ್ತದೆ. ಬೊಂಡ, ಅಂದರೆ ನಿಮ್ಮ ಎಳನೀರು, ತೂತು ಮಾಡಿ ಕುಡಿಯುತ್ತದೆ. ಹೊಟ್ಟೆ ತುಂಬಿದ ಮೇಲೂ ಕಿತ್ತು ಹಾಕುತ್ತದೆ, ಅದು ಹೆಚ್ಚು ಸಿಟ್ಟು ಬರಿಸುವುದು. ಗರ್ನಾಲು, ಅಂದರೆ ದೊಡ್ಡ ಶಬ್ದದ ಪಟಾಕಿ, ಹೊಡೆದೆವು. ಆಟಿಕೆಯ ಹುಲಿ ತಂದು ಅಡಿಕೆ ಮರಕ್ಕೆ ಕಟ್ಟಿದೆವು. ವಾರ ಕಳೆಯುವ ಮೊದಲೇ ಒಂದು ಮರಿ ಅದೇ ಹುಲಿಯ ಬೆನ್ನ ಮೇಲೆ ಕೂತಿತ್ತು. ಪಿಲಿವೇಷ (ಹುಲಿವೇಷದ ಕುಣಿತ) ನೋಡಿ ಬೆಳೆದ ಊರಿನ ಮಂಗ, ಸುಳ್ಳು ಹುಲಿಗೆ ಹೆದರುತ್ತದಾ?

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ನಮ್ಮ ಮಂಗ ಈಗ ಹುಲಿ, ಆನೆ, ನವಿಲು ಇರುವ ಮೊದಲ ಪಟ್ಟಿಯಲ್ಲಿದೆ. ಆ ಪಟ್ಟಿಯ ಪ್ರಾಣಿ ಮನುಷ್ಯನ ಜೀವಕ್ಕೇ ಅಪಾಯ ಆದರೆ, ಇಲ್ಲವೇ ಗುಣವಾಗದಷ್ಟು ಗಾಯ, ಕಾಯಿಲೆ ಆದರೆ ಮಾತ್ರ ಹೊಡೆಯುವ ಅನುಮತಿಯ ಮಾತು. ಬೆಳೆ ಹೋಯಿತು ಅಂದರೆ ಕೇಳುವವರಿಲ್ಲ. ಉತ್ತರದ ಕಡೆಯ ಕೆಂಪು ಮುಖದ ಮಂಗವನ್ನು ಮಾತ್ರ ಅದೇ ತಿದ್ದುಪಡಿ ಪಟ್ಟಿಯಿಂದಲೇ ಬಿಟ್ಟಿತು. ನ್ಯಾಯವಾಗಿ ಹೇಳಬೇಕಾದರೆ ಇದಕ್ಕೆ ಕಾರಣ ಉಂಟು. ನಮ್ಮ ಮಂಗ ಭಾರತದ ದಕ್ಷಿಣ ಭಾಗ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಒಟ್ಟು ಲೆಕ್ಕದಲ್ಲಿ ಕಡಿಮೆಯಾಗುತ್ತಿದೆ. ಆ ಕಡಿಮೆ ಆಗುವುದು ನಮ್ಮ ತೋಟದಲ್ಲಿ ಮಾತ್ರ ಕಾಣುವುದಿಲ್ಲ, ಅಷ್ಟೇ.

ಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆ ಹಾಳಾದರೂ ಲಿಖಿತ ಅನುಮತಿ ಕೇಳಬಹುದು. ಅರ್ಜಿ ಕೊಟ್ಟು, ಸ್ಥಳ ತೋರಿಸಿ, ಉತ್ತರ ಬರುವ ಹೊತ್ತಿಗೆ ಬಾಳೆಯ ಬುಡ, ಸುವರ್ಣಗಡ್ಡೆ, ತೆಂಗಿನ ಸಸಿ ಎಲ್ಲ ಅಗೆದು ಮುಗಿದಿರುತ್ತದೆ. ಹಾಗಾಗಿ ನಮ್ಮ ಕೋವಿ ಹೆಚ್ಚಾಗಿ ಆಕಾಶಕ್ಕೇ ಹಾರುವುದು. ಶಬ್ದ ಮಾಡುವುದೇ ಅದರ ಕೆಲಸ. ಕೆಲವರು ಇಷ್ಟೆಲ್ಲ ಬೇಡ ಅಂತ ತಂತಿಯ ಉರುಳು ಇಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಹಂದಿಗೆ ಇಟ್ಟದ್ದರಲ್ಲಿ ಚಿರತೆ ಸಿಕ್ಕಿ ನರಳಿ ಸಾಯುತ್ತದೆ.

ಶಬ್ದ ಮಾಡುವ ಆ ಕೋವಿಯೂ ಚುನಾವಣೆ ಬಂತು ಅಂದರೆ ಠಾಣೆಗೆ ಹೋಗಬೇಕು. ಬೆಳೆ ರಕ್ಷಣೆಯ ಪರವಾನಗಿ ಆದರೂ ಹೆಚ್ಚಾಗಿ ಅಷ್ಟೇ, ವಿನಾಯಿತಿ ಬೇಕಾದರೆ ಅದಕ್ಕೆ ಬೇರೆ ಅರ್ಜಿ ಹಾಕಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ. ಲೋಕಸಭೆಯದ್ದು ಮಾರ್ಚ್ 16ಕ್ಕೆ ಘೋಷಣೆ, ಜೂನ್ 4ಕ್ಕೆ ಎಣಿಕೆ. ಹಲಸು ಹಣ್ಣಾಗಿ ಬೀಳುವುದು, ಅದರ ವಾಸನೆಗೆ ಹಂದಿ ಗುಡ್ಡೆ ಇಳಿಯುವುದು ಸರಿಯಾಗಿ ಆ ದಿನಗಳಲ್ಲೇ. ಅಷ್ಟೂ ದಿನ ಕೋವಿ ಠಾಣೆಯ ಕೋಣೆಯಲ್ಲಿ ನೆಮ್ಮದಿಯಾಗಿ ಮಲಗಿತ್ತು. ನಾನು ತಗಡಿನ ಡಬ್ಬ ಬಡಿಯುತ್ತಿದ್ದೆ. ನೀತಿ ಸಂಹಿತೆ ಹಂದಿಗೂ ಒಂದು ಇದ್ದಿದ್ದರೆ ಒಳ್ಳೆಯದಿತ್ತು.

"ಬೇಲಿ ಹಾಕಿ" ಅಂತ ನೀನು ಹೇಳುತ್ತೀ, ಗೊತ್ತು. ಸೋಲಾರ್ ಬೇಲಿ ಹಂದಿಯನ್ನು ತಡೆಯುತ್ತದೆ. ಮಂಗ ಮರದಿಂದ ಮರಕ್ಕೆ ಬರುತ್ತದೆ, ಅದಕ್ಕೆ ಬೇಲಿ ಎಲ್ಲಿ ಹಾಕಲಿ?

ಇನ್ನೊಂದು ಮಾತು, ನೀನು ಕೇಳದಿದ್ದರೂ ಹೇಳುತ್ತೇನೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತಲ್ಲ, ನಮ್ಮ ಮಾವನ ತೋಟವೂ ಆಚೆ ಹೋಯಿತು. ಇಲ್ಲಿಂದ ಅಲ್ಲಿಗೆ ಒಂದು ಗುಡ್ಡೆ, ಒಂದು ತೋಡು (ಸಣ್ಣ ಹಳ್ಳ), ಅಷ್ಟೇ. ಕೋಲಕ್ಕೆ ಎರಡೂ ಕಡೆಯವರು ಸೇರುತ್ತೇವೆ. ತುಳು, ಕನ್ನಡ, ಮಲಯಾಳ ಒಂದೇ ಚಾವಡಿಯಲ್ಲಿ ನಡೆಯುತ್ತದೆ. ಹಂದಿಯ ಗುಂಪೂ ಒಂದೇ. ಆದರೆ ತೋಡು ದಾಟಿದ ಕೂಡಲೇ ನಿಯಮ ಬೇರೆ. ಕೇರಳದಲ್ಲಿ 2022ರಲ್ಲಿ ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಸಲು ಆದೇಶ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟರು. ಕೋವಿ ಪರವಾನಗಿ ಇರುವವರನ್ನು ಕರೆಸುತ್ತಾರೆ. ಮಾಂಸ ಮಾಡುವ ಹಾಗಿಲ್ಲ, ಹೂಳಬೇಕು.

ಕೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಮಾವ ನಕ್ಕರು. ಅವರು ಅರ್ಜಿ ಬರೆದದ್ದು ಕನ್ನಡದಲ್ಲಿ, ಉತ್ತರ ಬಂದದ್ದು ಮಲಯಾಳದಲ್ಲಿ. ಪಕ್ಕದ ಮನೆಯ ಹುಡುಗ ಶಾಲೆ ಬಿಟ್ಟು ಬಂದು ಓದಿ ಹೇಳುವವರೆಗೆ ಕಾದರು. ಕೋವಿಯವರನ್ನು ಹುಡುಕುವ ಹೊತ್ತಿಗೆ ಹಂದಿಗಳು ತೋಡು ದಾಟಿ ಈಚೆ ಬಂದಿದ್ದವು, ನನ್ನ ಬಾಳೆತೋಟಕ್ಕೆ.