ತಪಸ್ಸುಕಾಲದ ಶಿಸ್ತನ್ನು ಪಾಸ್ಖ ಹಬ್ಬದ ನಂತರವೂ ಉಳಿಸಿಕೊಳ್ಳುವುದು ಹೇಗೆ?

ಈಸ್ಟರಿಗೆ, ಅಂದರೆ ನಮ್ಮ ಪಾಸ್ಖ ಹಬ್ಬಕ್ಕೆ, ಮುಂಚಿನ ತಪಸ್ಸುಕಾಲದ ನಲವತ್ತು ದಿನ ಉಪವಾಸ ಇದ್ದೆ, ಚರ್ಚಿನ ಬೆಳಗಿನ ಪೂಜೆ ತಪ್ಪಿಸಲಿಲ್ಲ, ಕಾಫಿ ಕೂಡ ಬಿಟ್ಟಿದ್ದೆ, ಹಬ್ಬ ಆಗಿ ವಾರ ಕಳೆಯೋದರೊಳಗೆ ಎಲ್ಲ ಜಾರಿ ಹೋಗ್ತಿದೆ ಅಂತ ಬರೆದಿದ್ದೀರಿ. ಓದಿದ ತಕ್ಷಣ ನನಗೆ 2022 ನೆನಪಾಯ್ತು, ಮಟನ್ ಸಾರಿನ ವಾಸನೆ ಸಮೇತ.

ಕೋವಿಡ್‌ನಿಂದಾಗಿ ಎರಡು ವರ್ಷ ಪಾಸ್ಖಕ್ಕೆ ಮುಂಚಿನ ಪವಿತ್ರ ವಾರವನ್ನು ಮೊಬೈಲಲ್ಲಿ ನೋಡಿದ್ದೆವು. ಆ ವರ್ಷ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮಾರ್ಚ್ 2ಕ್ಕೆ ಬಂತು. ಹಣೆಗೆ ಬೂದಿ ಹಚ್ಚಿಸಿಕೊಂಡು ಆಚೆ ಬಂದಾಗ ಈ ಸಲ ಗಟ್ಟಿಯಾಗಿ ಮಾಡಬೇಕು ಅನ್ನಿಸಿತು. ಹಗಲೊತ್ತು ಏನೂ ಇಲ್ಲ. ರಾತ್ರಿ ಒಂದೇ ಊಟ, ಅದೂ ಮಾಂಸ ಇಲ್ಲದ್ದು. ಆರು ಗಂಟೆ ಪೂಜೆ ಮುಗಿಸಿಕೊಂಡೇ ಆಫೀಸಿನ ಬಸ್ಸು ಹತ್ತುತ್ತಿದ್ದೆ. ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ. ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ, ಆರು ಭಾನುವಾರ ಕಳೆದರೆ ತಾನೇ 40 ಆಗೋದು? ಭಾನುವಾರ ಉಪವಾಸ ಇಲ್ಲ ಅಂತ ಧರ್ಮಸಭೆಯೇ ಬಿಟ್ಟುಕೊಟ್ಟಿದೆ. ನಾನು ಅದನ್ನೂ ಬಿಡಲಿಲ್ಲ. ಆಫೀಸಿನಲ್ಲಿ ಯಾರಾದರೂ "ಏನ್ ಸಾರ್, ಸಣ್ಣ ಆಗಿದ್ದೀರಿ" ಅಂದರೆ ಒಳಗೊಳಗೇ ಖುಷಿ.

ಏಪ್ರಿಲ್ 16, ಪಾಸ್ಖ ಜಾಗರಣೆ ರಾತ್ರಿ. ದೇವಾಲಯದ ದೀಪ ಎಲ್ಲ ಆರಿಸಿ, ಅಂಗಳದಲ್ಲಿ ಬೆಂಕಿ ಹಾಕಿ, ಆ ಬೆಂಕಿಯಿಂದ ದೊಡ್ಡ ಪಾಸ್ಖ ಬತ್ತಿ ಹಚ್ಚಿದರು. ಅದರ ಮೇಲೆ ವರ್ಷದ ನಾಲ್ಕು ಅಂಕಿ ಕೊರೆದಿರುತ್ತಾರಲ್ಲ, 2, 0, 2, 2, ಅದನ್ನೇ ನೋಡುತ್ತಾ ನಿಂತಿದ್ದೆ. ಎಲ್ಲರೂ ಒಬ್ಬರ ಬತ್ತಿಯಿಂದ ಒಬ್ಬರು ಹಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಭಯ. ನಾಳೆಯಿಂದ ನಾನು ಮತ್ತೆ ಹಳೇ ಮನುಷ್ಯ. ಅಲ್ಲೇ ನಿಂತು ತೀರ್ಮಾನ ಮಾಡಿಬಿಟ್ಟೆ: ಪಾಸ್ಖದಿಂದ ಐವತ್ತನೇ ದಿನ ಬರುವ ಪಂಚಾಶತ್ತಮ ಹಬ್ಬದವರೆಗೆ ಹೀಗೇ ಮುಂದುವರಿಸುತ್ತೇನೆ. ಯಾವ ಗುರುಗಳನ್ನೂ ಕೇಳಲಿಲ್ಲ. ನೀವು ಈಗ ಮಾಡಬೇಕು ಅಂದುಕೊಂಡಿರುವುದೂ ಇದನ್ನೇ ಅಲ್ವಾ?

ಮಾರನೇ ಬೆಳಿಗ್ಗೆ ಪೂಜೆಯಲ್ಲಿ ಮೊದಲನೇ ವಾಚನ ಓದುವ ಸರದಿ ನನ್ನದು. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು, 10ನೇ ಅಧ್ಯಾಯ. ಅದರಲ್ಲಿ ಪೇತ್ರ ಹೇಳುತ್ತಾನೆ, ಯೇಸು ಸತ್ತು ಎದ್ದ ಮೇಲೆ ಅವರ ಜೊತೆ ನಾವು ಉಂಡೆವು, ಕುಡಿದೆವು ಅಂತ. ಉಚ್ಚಾರಣೆ ತಪ್ಪದಂತೆ, ಮೈಕಿಗೆ ಸರಿಯಾಗಿ ಬಾಯಿ ಕೊಟ್ಟು ಓದಿದೆ. ಒಂದಕ್ಷರ ತಲೆಗೆ ಹೋಗಲಿಲ್ಲ.

ಮೇ 1, ಭಾನುವಾರ. ಅಕ್ಕನ ಮಗಳಿಗೆ ಮೊದಲ ಪರಮಪ್ರಸಾದ, ಪೂಜೆಯಲ್ಲಿ ಕೊಡುವ ಪ್ರಸಾದವನ್ನು ಮೊದಲ ಸಲ ತೆಗೆದುಕೊಳ್ಳುವ ಹಬ್ಬ. ಕನಕಪುರದ ಕಡೆ ಹಳ್ಳಿ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಪಾಠ ಮಾಡಿ ಕೊಡುತ್ತಾರೆ, ಹಾಗಾಗಿ ನಮ್ಮ ಕಡೆ ಈ ಹಬ್ಬ ಹೆಚ್ಚಾಗಿ ಪಾಸ್ಖ ಕಾಲದಲ್ಲೇ ಬರುತ್ತದೆ. ಭಾವ ಎರಡು ಮರಿ ಹೊಡೆಸಿದ್ದರು. ಮನೆ ಮುಂದೆ ಶಾಮಿಯಾನ. ಮೊದಲ ಪಂಕ್ತಿಯಲ್ಲಿ ಸೋದರಮಾವ ಕೂರಬೇಕು ಅಂತ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಮಗುವಿನ ಪಕ್ಕದಲ್ಲಿ ಕೂರಿಸಿದರು. ಅವಳಿಗೆ ಬಿಳಿ ಫ್ರಾಕು, ತಲೆ ಮೇಲೆ ಹೂವಿನ ಕಿರೀಟ. ಸಾರು ಚೆಲ್ಲಿಕೊಳ್ಳದಿರಲಿ ಅಂತ ಕೊರಳಿಗೆ ಟವೆಲ್ ಕಟ್ಟಿದ್ದರು. ಬೇಡ ಅನ್ನೋದರೊಳಗೆ ಭಾವ ತಾವೇ ಬಂದು ನನ್ನ ಎಲೆಗೆ ಮುದ್ದೆ ಇಟ್ಟರು. ಬಿಸಿಗೆ ಮುದ್ದೆಯ ಸುತ್ತ ಎಲೆ ಬಾಡಿ ಕಪ್ಪಾಗುತ್ತಿತ್ತು. ಸಾರಿನ ಸೌಟು ಬಂತು. ನಾನು ಎಲೆಗೆ ಕೈ ಅಡ್ಡ ಹಿಡಿದೆ.

"ಭಾವ, ನಾನು ವ್ರತದಲ್ಲಿದ್ದೀನಿ. ಒಂದು ಲೋಟ ನೀರು ಸಾಕು."

ಅವರು ನಕ್ಕರು. "ಹಬ್ಬ ಆಗಿ ಎರಡು ವಾರ ಆಯ್ತಲ್ಲ ಬಾಮೈದ, ಇನ್ನೂ ಯಾವ ವ್ರತ?"

"ಎಲ್ಲರಿಗೂ ಹಬ್ಬ ಅಂದ್ರೆ ಬರೀ ಊಟ ಭಾವ. ನನಗೆ ಹಂಗಲ್ಲ."

ಈ ಮಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಊಟ ಮಾಡದೇ ಇದ್ದದ್ದು ದೊಡ್ಡ ತಪ್ಪಲ್ಲ. ಹೊಟ್ಟೆ ಸರಿಯಿಲ್ಲ ಅಂದಿದ್ದರೆ ಅಕ್ಕ ಒಂದು ಲೋಟ ಮಜ್ಜಿಗೆ ಕೊಟ್ಟು ಸುಮ್ಮನಾಗುತ್ತಿದ್ದಳು. ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡಿದ್ದರೂ ಮುಗಿಯುತ್ತಿತ್ತು. ನಾನು ಹಾಗೆ ಹೇಳಿದ್ದು ಭಾವನ ಅಣ್ಣತಮ್ಮಂದಿರು ಸಾಲಾಗಿ ಕೂತಿದ್ದಾಗ. ಹೇಳಿದ್ದೂ ಯಾರಿಗೆ? ಭಾವ ವರ್ಷಕ್ಕೆ ಎರಡು ಸಲ ಪೂಜೆಗೆ ಹೋಗುವವರು, ಕ್ರಿಸ್ಮಸ್ಸಿಗೆ ಒಂದು, ಪಾಸ್ಖಕ್ಕೆ ಒಂದು. ಅದನ್ನು ನಾನು ಆ ತಪಸ್ಸುಕಾಲ ಪೂರ್ತಿ ಮನಸ್ಸಿನಲ್ಲಿ ಲೆಕ್ಕ ಇಟ್ಟಿದ್ದೆ. ಹಸಿದ ಹೊಟ್ಟೆಯಲ್ಲಿ ಆ ಲೆಕ್ಕ ಇನ್ನೂ ಚೆನ್ನಾಗಿ ಬೆಳೆದಿತ್ತು. ಬಾಯಿಂದ ಬಂದದ್ದು ಅದೇ. ಬರೀ ಊಟ ಅಂದೆನಲ್ಲ, ಆ ಊಟಕ್ಕೆ ಅವರು ರೇಷ್ಮೆಗೂಡು ಮಾರಿದ ದುಡ್ಡು ಹಾಕಿದ್ದರು. ನನಗದು ಗೊತ್ತಿತ್ತು. ಬಂದ ದಿನವೇ ಅಕ್ಕ ಹೇಳಿದ್ದಳು. ಗೊತ್ತಿದ್ದೂ ಅಂದೆ.

"ಮಾವನಿಗೆ ಹೊಟ್ಟೆನೋವಾ?" ಅಂತ ಮಗು ಕೇಳಿತು. ಯಾರೂ ಉತ್ತರ ಕೊಡಲಿಲ್ಲ. ಪಂಕ್ತಿ ಏಳುವ ಹೊತ್ತಿಗೆ ಮುದ್ದೆ ತಣ್ಣಗಾಗಿ ಮೇಲೆ ಒಣಗಿತ್ತು. ಎಂಜಲಾಗದ ಆ ಎಲೆಯನ್ನು ಭಾವನೇ ಮಡಚಿ ಎತ್ತಿದರು.

ಮುಂದಿನ ವರ್ಷ ಅವರ ಹೊಸ ಮನೆ ಆಯ್ತು. ನನಗೆ ವಾಟ್ಸ್ಆ್ಯಪ್‌ನಲ್ಲಿ ಕಾರ್ಡ್ ಬಂತು, ಫೋನ್ ಬರಲಿಲ್ಲ. ಅಕ್ಕ ಕದ್ದು ಮಾತಾಡುತ್ತಿದ್ದಳು, "ನೀನಾಗೇ ಬಾರೋ, ಅವರು ಕರೆಯಲ್ಲ" ಅಂತ. ನಾನು ಹೋಗಲಿಲ್ಲ.

ಇನ್ನು ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಶಿಸ್ತಿನ ಗತಿ ಕೇಳಿ. ಮೇ ಎರಡನೇ ವಾರಕ್ಕೆ ಬೆಳಗಿನ ಪೂಜೆ ನಿಂತಿತು. ಮೂರನೇ ವಾರಕ್ಕೆ ಉಪವಾಸ ಮುರಿಯಿತು, ರಾತ್ರಿ ಹನ್ನೊಂದಕ್ಕೆ ಒಬ್ಬನೇ ನಿಂತು ತಿಂದ ಎಗ್ ಬುರ್ಜಿಯಿಂದ. ಜೂನ್ 5, ಪಂಚಾಶತ್ತಮ ಹಬ್ಬದ ದಿನ, ನಾನು ಮನೆಯಲ್ಲಿ ಮಲಗಿದ್ದೆ. ಆಮೇಲೆ ಭಾನುವಾರದ ಪೂಜೆಗೂ ಎರಡು ವರ್ಷಕ್ಕೂ ಹೆಚ್ಚು ಹೋಗಲಿಲ್ಲ. ಭಾವನಾದರೂ ವರ್ಷಕ್ಕೆ ಎರಡು ಸಲ ಹೋಗುತ್ತಿದ್ದರು.

2024ರ ಕ್ರಿಸ್ಮಸ್‌ಗೆ ಮೊದಲು ಪಾಪನಿವೇದನೆಗೆ ಕೂತೆ. ಗುರುಗಳಿಗೆ ವಯಸ್ಸಾಗಿತ್ತು. ಪೂಜೆ ಬಿಟ್ಟದ್ದು, ವ್ರತ ಮುರಿದದ್ದು ಎಲ್ಲ ಹೇಳಿದೆ. ಅವರು ಹಿಡಿದುಕೊಂಡದ್ದು ನಾನು ನಡುವೆ ಸುಮ್ನೆ ಹೇಳಿದ್ದ ಊಟದ ವಿಷಯವನ್ನು. ಪಾಸ್ಖ ಕಾಲದಲ್ಲಿ ಉಪವಾಸ ಇರು ಅಂತ ನಿನಗೆ ಹೇಳಿದವರು ಯಾರಪ್ಪ ಅಂದರು. ಆಮೇಲೆ ಅಲ್ಲೇ ಸಣ್ಣ ಪಾಠ ಆಯ್ತು. ಬಿಷಪರು ಸೇರಿದ್ದ 325ರ ನೈಸಿಯಾ ಮಹಾಸಭೆಯಲ್ಲಿ ಇಪ್ಪತ್ತು ಕಟ್ಟಳೆ ಮಾಡಿದರಂತೆ, ಕೊನೆಯದು ಇದು: ಭಾನುವಾರಗಳಲ್ಲಿ, ಪಾಸ್ಖದಿಂದ ಪಂಚಾಶತ್ತಮದವರೆಗಿನ ದಿನಗಳಲ್ಲಿ ಮಂಡಿಯೂರಬೇಡಿ, ನಿಂತು ಪ್ರಾರ್ಥಿಸಿ. ಅದಕ್ಕೂ ನೂರು ವರ್ಷ ಮೊದಲೇ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಬರೆದಿದ್ದಾನೆ, ಭಾನುವಾರ ಉಪವಾಸ ಇರುವುದೂ ಮಂಡಿಯೂರುವುದೂ ನಮ್ಮಲ್ಲಿ ತಪ್ಪು, ಪಾಸ್ಖದಿಂದ ಪಂಚಾಶತ್ತಮದವರೆಗೂ ಹಾಗೇ ಅಂತ. ಅಂದರೆ ನಾನು ಅತಿ ಭಕ್ತಿ ಅಂದುಕೊಂಡು ಮಾಡಿದ್ದನ್ನು ಹಿಂದಿನವರು ಬೇಡವೇ ಬೇಡ ಅಂದಿದ್ದರು! ಪ್ರಾಯಶ್ಚಿತ್ತಕ್ಕೆ ಜಪಸರ ಹೇಳುತ್ತಾರೆ ಅಂದುಕೊಂಡಿದ್ದೆ. "ಹೋಗಿ ಅವರ ಮನೇಲಿ ಊಟ ಮಾಡು" ಅಂದರು.

ನಾಲ್ಕು ತಿಂಗಳು ತಳ್ಳಿದೆ. ಕೊನೆಗೆ 2025ರ ಏಪ್ರಿಲ್ 21, ಪಾಸ್ಖದ ಮಾರನೇ ದಿನ ಸೋಮವಾರ, ರಜೆ ಹಾಕಿ ಹೋದೆ. ಫೋನ್ ಮಾಡಿರಲಿಲ್ಲ. ಭಾವ ಹಿತ್ತಲಿನಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದರು. ನನ್ನನ್ನು ನೋಡಿ, ಕೈ ನಿಲ್ಲಿಸದೆ, "ಊಟದ ಹೊತ್ತಿಗೇ ಬಂದಿದ್ದೀಯಲ್ಲ" ಅಂದರು. "ಅದಕ್ಕೇ ಬಂದಿದ್ದು ಭಾವ" ಅಂದೆ. ತಪ್ಪಾಯ್ತು ಅನ್ನೋ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ. ಅದನ್ನು ಹೇಳುವ ಸಂದರ್ಭವೇ ಬರಲಿಲ್ಲ. ಹಬ್ಬದ ಸಾರು ಮಿಕ್ಕಿತ್ತು. ಮಾರನೇ ದಿನದ ಮಟನ್ ಸಾರಿನ ರುಚಿ ಗೊತ್ತಲ್ಲ ನಿಮಗೆ?

ಈಗ ನಿಮ್ಮ ಪ್ರಶ್ನೆಗೆ. ತಪಸ್ಸುಕಾಲದ ಶಿಸ್ತನ್ನು ಉಳಿಸಿಕೊಳ್ಳೋದು ಹೇಗೆ? ಉಳಿಸಿಕೊಳ್ಳಬೇಡಿ. ಬಿಟ್ಟುಬಿಡಿ. ಅದು ಇರುವುದೇ ಮುಗಿಯೋದಕ್ಕೆ. ಜಾರಿ ಹೋಗ್ತಿದೆ ಅಂತ ನೀವು ಅಳುತ್ತಿರುವುದು ಮದುವೆ ಆದ ಮೇಲೂ ಚಪ್ಪರದ ಕಂಬ ಹಿಡಿದುಕೊಂಡು ನಿಂತ ಹಾಗೆ. ಹಾಗಂತ ಕುಡಿತವನ್ನೋ ಕೆಟ್ಟ ಚಟವನ್ನೋ ಬಿಟ್ಟಿದ್ದರೆ ಅದನ್ನು ಮತ್ತೆ ಹಿಡಿಯಿರಿ ಅಂತಲ್ಲ, ಅದು ಬೇರೆ ಲೆಕ್ಕ. ಊಟ, ಕಾಫಿ, ಸಿಹಿ ಬಿಟ್ಟಿದ್ದರ ಬಗ್ಗೆ ಹೇಳುತ್ತಿದ್ದೀನಿ.

ನಲವತ್ತು ದಿನ ಎಣಿಸಿದವರು ಈ ಐವತ್ತನ್ನು ಯಾಕೆ ಎಣಿಸುವುದಿಲ್ಲವೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಶುಭ ಶುಕ್ರವಾರ ದೇವಾಲಯದಲ್ಲಿ ಕಾಲಿಡೋಕೆ ಜಾಗ ಇರಲ್ಲ. ಮುಂದಿನ ಶುಕ್ರವಾರ ಹೋಗಿ ನೋಡಿ, ನಾಲ್ಕು ಜನ ಅಜ್ಜಿಯರು, ಬಾಡಿದ ಹೂವು, ಪೀಠದ ಪಕ್ಕ ಉರಿಯುತ್ತಿರುವ ಪಾಸ್ಖ ಬತ್ತಿ. ಆ ಮೊದಲ ಎಂಟು ದಿನ ಒಂದೊಂದೂ ಪಾಸ್ಖ ಭಾನುವಾರದಷ್ಟೇ ದೊಡ್ಡ ಹಬ್ಬ. ಆ ಶುಕ್ರವಾರ ಮಾಂಸ ಬಿಡುವ ನಿಯಮವೂ ಇಲ್ಲ. ನಾನು ಈಗ ಅವತ್ತು ಬೇಕು ಅಂತಲೇ ಮಾಂಸ ತರುತ್ತೀನಿ. ಅಂಗಡಿಯವನು "ಇವತ್ತು ಶುಕ್ರವಾರ ಅಲ್ವಾ ಸಾರ್" ಅಂದರೆ ಪಾಸ್ಖ ಹಬ್ಬದ ಶುಭಾಶಯ ಹೇಳ್ತೀನಿ. ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಏನಾದರೂ ಮಾಡಲೇಬೇಕು ಅನ್ನೋ ಜಾತಿ ನೀವು, ನನ್ನ ಹಾಗೆ. ಹಾಗಿದ್ದರೆ ದಿನದ ಮೊದಲ ವಾಚನ ಓದಿ. ಈ ಐವತ್ತು ದಿನ ಅದು ಹೆಚ್ಚುಕಡಿಮೆ ಪ್ರತಿದಿನವೂ ಪ್ರೇಷಿತರ ಕಾರ್ಯಕಲಾಪಗಳಿಂದಲೇ ಬರುತ್ತದೆ, ಕಥೆಯ ಹಾಗೆ ಓದಿಸಿಕೊಂಡು ಹೋಗುತ್ತದೆ. ಮಧ್ಯಾಹ್ನ ಎಂದಿನ ತ್ರಿಕಾಲ ಜಪದ ಬದಲು ಮಾತೆ ಮರಿಯಮ್ಮನಿಗೆ ಹೇಳುವ ಸ್ವರ್ಗದ ರಾಣಿಯ ಪ್ರಾರ್ಥನೆ, ನಿಂತುಕೊಂಡು, ಅರ್ಧ ನಿಮಿಷ ಸಾಕು. ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ ಒಂದು ಸಲ ನಿಧಾನವಾಗಿ ಓದಿ. ಎದ್ದು ಬಂದ ಯೇಸುಸ್ವಾಮಿ ದಡದಲ್ಲಿ ಕೆಂಡ ಹಾಕಿ ಮೀನು ಸುಡುತ್ತಾ ಕೂತಿದ್ದಾರೆ. ಶಿಷ್ಯರನ್ನು ಕರೆದು ಹೇಳುವುದು ಬನ್ನಿ, ತಿನ್ನಿ ಅಂತ. ಎದುರಿಗೆ ಇರುವವನು ಮೂರು ಸಲ ತನ್ನನ್ನು ಗೊತ್ತಿಲ್ಲ ಅಂದ ಪೇತ್ರ. ನನ್ನನ್ನು ಪ್ರೀತಿಸುತ್ತೀಯಾ ಅಂತ ಅವನನ್ನು ಮೂರು ಸಲ ಕೇಳಿದ್ದು ತಿಂಡಿ ಆದ ಮೇಲೆ.

ಅದಾದ ಮೇಲೆ ಯಾರ ಮನೆಗೆ ನೀವು ಹೋಗುತ್ತಿಲ್ಲವೋ ಅವರ ಮನೆಗೆ ಊಟಕ್ಕೆ ಹೋಗಿ. ಒಂದೇ ಮನೆ ಸಾಕು. ಐವತ್ತು ದಿನ ಇದೆ, ಧೈರ್ಯ ಬರೋಕೆ ನನಗೆ ಮೂರು ವರ್ಷ ಬೇಕಾಯಿತು.

ಆ ಸೋಮವಾರ ನಾವು ಉಣ್ಣುತ್ತಿದ್ದಾಗಲೇ ಅಕ್ಕನ ಮಗಳು ಮೊಬೈಲ್ ಹಿಡಿದು ಓಡಿ ಬಂದಳು. ಪೋಪ್ ಫ್ರಾನ್ಸಿಸ್ ತೀರಿಕೊಂಡಿದ್ದರು. ಹಿಂದಿನ ದಿನವಷ್ಟೇ ಬಾಲ್ಕನಿಗೆ ಬಂದು ಹಬ್ಬದ ಆಶೀರ್ವಾದ ಕೊಟ್ಟು, ಗಾಡಿಯಲ್ಲಿ ಜನರ ನಡುವೆ ಸುತ್ತಿದ್ದನ್ನು ಎಲ್ಲರೂ ನೋಡಿದ್ದೆವು. ಅಕ್ಕ ಶಿಲುಬೆ ಗುರುತು ಹಾಕಿಕೊಂಡಳು. ಒಂದು ಕ್ಷಣ ನನ್ನ ಕೈ ತಟ್ಟೆಯಲ್ಲೇ ನಿಂತಿತು.

"ಹಬ್ಬ ಮುಗಿಸಿಕೊಂಡೇ ಹೋದರು ನೋಡು" ಅಂದರು ಭಾವ. ಆಮೇಲೆ ನನ್ನ ತಟ್ಟೆ ಕಡೆ ನೋಡಿ, ಕೇಳದೆಯೇ ಇನ್ನೊಂದು ಮುದ್ದೆ ಇಟ್ಟರು.