ಬೆಂಗಳೂರು, ಮಂಗಳೂರು, ಮೈಸೂರು: ದೂರದಿಂದ ನೋಡಲು ಯಾವ ಊರಿನ ಕಟ್ಟಡಸಾಲು ಚೆಂದ?

ನನ್ನ ಮಟ್ಟಿಗೆ ಮಂಗಳೂರು.

ಬೆಂಗಳೂರಲ್ಲಿ ಎತ್ತರದ ಕಟ್ಟಡಗಳು ಜಾಸ್ತಿ, ನಿಜ. ಆದರೆ ಅವು ಒಂದೆಡೆ ಗುಂಪಾಗಿಲ್ಲ. ಎಂ.ಜಿ. ರಸ್ತೆಯಲ್ಲಿ 25 ಮಹಡಿಯ ಪಬ್ಲಿಕ್ ಯುಟಿಲಿಟಿ ಕಟ್ಟಡ 1970ರ ದಶಕದಲ್ಲೇ ಎದ್ದಿತ್ತು. ಅದರ ಸುತ್ತ ಗೋಪುರಗಳ ಕಾಡೇನೂ ಬೆಳೆಯಲಿಲ್ಲ. ಎಚ್‌ಎಎಲ್ ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ಪೂರ್ವ ಭಾಗದಲ್ಲಿ ಎತ್ತರಕ್ಕೆ ಮಿತಿ ಇದೆ. ಹೊಸ ಗೋಪುರಗಳು ಊರಿನ ನಾಲ್ಕೂ ದಿಕ್ಕಿಗೆ ಚದುರಿಹೋಗಿವೆ.

ಮಂಗಳೂರಿನ ಗುಟ್ಟು ಗುಡ್ಡದಲ್ಲಿದೆ. ಕದ್ರಿ, ಬಿಜೈ ಕಡೆಯ ಏರುಪೇರಿನ ನೆಲದ ಮೇಲೆ ವಸತಿ ಗೋಪುರಗಳು ನಿಂತಿವೆ. ಹಾಗಾಗಿ ಇರುವುದಕ್ಕಿಂತಲೂ ಎತ್ತರವಾಗಿ ಕಾಣುತ್ತವೆ. ಉಳ್ಳಾಲದ ಕಡೆಯಿಂದ ಬರುವಾಗ ನೇತ್ರಾವತಿ ಸೇತುವೆ ಮೇಲೆ ಒಮ್ಮೆ ಗಮನಿಸಿ. ಕೆಳಗೆ ಅಗಲವಾದ ನದಿ, ದಡದಲ್ಲಿ ತೆಂಗಿನ ಸಾಲು, ಅದರ ಹಿಂದೆ ಬಿಳಿ ಬಿಳಿ ಕಟ್ಟಡಗಳು. ಮಳೆ ನಿಂತ ಸಂಜೆಯಲ್ಲಂತೂ ಕಣ್ಣು ಕೀಳೋಕೇ ಆಗುವುದಿಲ್ಲ.

ಮೈಸೂರನ್ನು ಮಹಡಿ ಎಣಿಸಿ ಅಳೆಯಬಾರದು. ಚಾಮುಂಡಿ ಬೆಟ್ಟದಿಂದ ನೋಡಿದರೆ ಮರಗಳ ನಡುವೆ 1912ರಲ್ಲಿ ಮುಗಿದ ಅರಮನೆಯ ಗುಮ್ಮಟಗಳು, ಆಚೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಕಾಣುತ್ತವೆ. ಆ ಗೋಪುರಗಳ ಎತ್ತರ ಸುಮಾರು 175 ಅಡಿ, ಅಷ್ಟೇ. ಆದರೂ ಊರು ಯಾವುದೆಂದು ಥಟ್ಟನೆ ಗೊತ್ತಾಗುತ್ತದೆ, ಅಲ್ವಾ? ಅರಮನೆಯ ಸುತ್ತ ಎತ್ತರದ ಕಟ್ಟಡ ಏಳದಂತೆ ಈಗಲೇ ಕಾಪಾಡಿಕೊಳ್ಳಬೇಕು.